ಜಿಂಕೆ ಮಾಂಸಕ್ಕೆ ಕೈಮಾ ಯಂತ್ರ: ಏಳು ಹಂಗಾಮು ಬಳಸಿದ ನಂತರ

ಈ ಯಂತ್ರವನ್ನು ನಾನು ಕೊಂಡದ್ದು 2018ರ ಡಿಸೆಂಬರ್‌ನಲ್ಲಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮ್ಯಾಡಿಸನ್ ನಗರದ ಪಶ್ಚಿಮಕ್ಕಿರುವ ಹಳ್ಳಿಗಾಡಿನಲ್ಲಿ ನಮ್ಮ ಮನೆ. ಇಲ್ಲಿ ನವೆಂಬರ್ ಕೊನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ, ಬಂದೂಕಿನಿಂದ ಬಿಳಿಬಾಲದ ಜಿಂಕೆಯನ್ನು ಬೇಟೆಯಾಡಲು ಪರವಾನಗಿ ಇರುತ್ತದೆ. ಏಳು ಹಂಗಾಮುಗಳಲ್ಲಿ ನಾನೂ ನೆರೆಯ ಗೆಳೆಯರೊಬ್ಬರೂ ಸೇರಿ ಹದಿನಾರು ಜಿಂಕೆಗಳ ಮಾಂಸವನ್ನು ಈ ಯಂತ್ರಕ್ಕೆ ಹಾಕಿದ್ದೇವೆ. ಊರಿನಿಂದ ಓದುವವರು ಇದನ್ನು ಕುರಿ, ಮೇಕೆ ಮಾಂಸಕ್ಕೆ ಹೊಂದಿಸಿಕೊಂಡು ಓದಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ.

ಕೊಂಡದ್ದು ಹನ್ನೆರಡನೆಯ ನಂಬರಿನ, ಮುಕ್ಕಾಲು ಅಶ್ವಶಕ್ತಿಯ, ಸ್ಟೇನ್‌ಲೆಸ್ ಸ್ಟೀಲ್ ಮೈಯ ಯಂತ್ರ. ಬೆಲೆ ಸುಮಾರು ನಾನೂರು ಡಾಲರ್ ಬಿತ್ತು. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಕೊಳ್ಳುವಾಗ ಹೆಸರಿಗಿಂತ ಮೊದಲು ನೋಡಬೇಕಾದ ಸಂಗತಿಗಳು ಬೇರೆಯೇ ಇವೆ. ಅವನ್ನು ನೋಡದೆ ಕೊಂಡು ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ಮೊದಲ ಯಂತ್ರವನ್ನು ತಂದದ್ದು ಡಬ್ಬಿಯ ಮೇಲಿನ ‘2000 ವ್ಯಾಟ್’ ಎಂಬ ದಪ್ಪ ಅಕ್ಷರಗಳನ್ನು ನೋಡಿ. ಅಮೆರಿಕದ ಮನೆಗಳ ಸಾಮಾನ್ಯ ಸಾಕೆಟ್ಟಿನಲ್ಲಿ 120 ವೋಲ್ಟ್ ಇರುತ್ತದೆ, ಅದರ ಹಿಂದಿನ ಬ್ರೇಕರ್ ಹೆಚ್ಚಾಗಿ 15 ಆಂಪಿಯರಿನದು. ಎರಡನ್ನೂ ಗುಣಿಸಿದರೆ 1800 ವ್ಯಾಟ್. ಅಂದರೆ ಆ ಯಂತ್ರ ನಿಜಕ್ಕೂ 2000 ವ್ಯಾಟ್ ಎಳೆಯುತ್ತಾ ಕೆಲಸ ಮಾಡಿದರೆ ಗ್ಯಾರೇಜಿನ ಬ್ರೇಕರ್ ಬೀಳಬೇಕು. ಆ ಸಂಖ್ಯೆ ಮೋಟಾರು ಸಿಕ್ಕಿಹಾಕಿಕೊಂಡು ನಿಂತ ಗಳಿಗೆಯಲ್ಲಿ ಎಳೆಯುವ ಕರೆಂಟಿನ ಲೆಕ್ಕವೇ ಹೊರತು ಮಾಂಸ ಅರೆಯುವ ಶಕ್ತಿಯಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಎರಡನೆಯ ಜಿಂಕೆಯ ಮುಂಗಾಲಿನ ಮಾಂಸವನ್ನು ಹಾಕುತ್ತಿದ್ದಾಗ, ರಾತ್ರಿ ಹತ್ತೂವರೆಗೆ, ಒಳಗೆ ‘ಟಕ್’ ಎಂದಿತು. ಮೋಟಾರು ತಿರುಗುತ್ತಿತ್ತು, ಮಾಂಸ ಮುಂದೆ ಹೋಗುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ ಗಿಯರಿನ ಹಲ್ಲುಗಳು ಸವೆದು ಉದುರಿದ್ದವು. ಉಳಿದ ಹದಿನೆಂಟು ಪೌಂಡ್ ಮಾಂಸವನ್ನು ಮಚ್ಚಿನಲ್ಲಿ ಕೊಚ್ಚಿ ಮುಗಿಸುವ ಹೊತ್ತಿಗೆ ಒಂದು ಗಂಟೆ ದಾಟಿತ್ತು.

ಆದ್ದರಿಂದ ನನ್ನ ಮೊದಲ ಮಾತು: ವ್ಯಾಟ್ ಬಿಡಿ, ನಂಬರ್ ನೋಡಿ. ಈ ಯಂತ್ರಗಳಿಗೆ 5, 8, 12, 22, 32 ಎಂದು ನಂಬರುಗಳಿವೆ. ಅವು ಮುಂದುಗಡೆಯ ತೂತಿನ ಬಿಲ್ಲೆಯ ಅಳತೆಯನ್ನು ಹೇಳುತ್ತವೆ. ಬಾಯಿಯ ಅಗಲವೂ ಸಾಮಾನ್ಯವಾಗಿ ಅದರ ಜೊತೆಗೇ ಹೆಚ್ಚುತ್ತದೆ. ಎಂಟನೆಯ ನಂಬರಿನ ಬಿಲ್ಲೆಯ ವ್ಯಾಸ ಸುಮಾರು 62 ಮಿಲಿಮೀಟರ್, ಹನ್ನೆರಡರದು 70, ಇಪ್ಪತ್ತೆರಡರದು 82. ಬಾಯಿ ಚಿಕ್ಕದಾದಷ್ಟೂ ಮಾಂಸವನ್ನು ಸಣ್ಣ ತುಂಡು ಮಾಡಬೇಕು, ಆ ಕೆಲಸ ಚಾಕು ಹಿಡಿದವರ ಪಾಲಿಗೆ ಬರುತ್ತದೆ. ಹನ್ನೆರಡನೆಯ ನಂಬರಿಗೆ ಎರಡು ಬೆರಳು ದಪ್ಪದ ಉದ್ದನೆಯ ಪಟ್ಟಿಗಳನ್ನು ಕೊಯ್ದು ಹಾಕಿದರೆ ಒಳಗಿನ ತಿರುಪು ತಾನೇ ಎಳೆದುಕೊಳ್ಳುತ್ತದೆ, ಮರದ ಒತ್ತುಗೋಲಿನಿಂದ ಒತ್ತುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಇನ್ನೊಂದು ಲಾಭವಿದೆ: ಅಲಗು, ಬಿಲ್ಲೆಗಳು ಬಹುಮಟ್ಟಿಗೆ ನಂಬರಿನ ಪ್ರಕಾರವೇ ಸಿಗುವುದರಿಂದ, ನಡುವಿನ ತೂತು ಮತ್ತು ಅಂಚಿನ ಕಚ್ಚು ಹೊಂದುತ್ತವೆಯೇ ಎಂದು ನೋಡಿಕೊಂಡರೆ ಬೇರೆ ತಯಾರಕರವನ್ನೂ ಹಾಕಬಹುದು. ಎರಡನೆಯದಾಗಿ, ಗಿಯರುಗಳು ಲೋಹದವೇ ಎಂದು ಮಾರುವವರಿಂದ ಬರಹದಲ್ಲಿ ಕೇಳಿಕೊಳ್ಳಿ.

ಇಷ್ಟಾಗಿಯೂ ಹೊಸ ಯಂತ್ರದ ಮೊದಲ ದಿನ ಬಂದದ್ದು ಕೈಮಾ ಅಲ್ಲ, ಕೆಂಪು ಗಂಜಿ. ಯಂತ್ರವನ್ನು ಹಿಂದಿರುಗಿಸಲು ಡಬ್ಬಿಯನ್ನೂ ಕಟ್ಟಿದ್ದೆ. ತಪ್ಪು ನನ್ನದಾಗಿತ್ತು. ನಾಲ್ಕು ರೆಕ್ಕೆಯ ಅಲಗಿಗೆ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಉಬ್ಬು. ಚಪ್ಪಟೆ ಮಗ್ಗುಲು ಬಿಲ್ಲೆಯ ಕಡೆಗಿದ್ದು ಅದಕ್ಕೆ ಉಜ್ಜಿಕೊಂಡೇ ತಿರುಗಬೇಕು. ನಾನು ತಿರುವುಮುರುವಾಗಿ ಕೂರಿಸಿದ್ದರಿಂದ ಅದು ಕತ್ತರಿಸುವ ಬದಲು ಮಾಂಸವನ್ನು ಜಜ್ಜಿ ತೂತುಗಳೊಳಗೆ ತುರುಕುತ್ತಿತ್ತು. ಬಿಲ್ಲೆಯನ್ನು ಬಿಗಿಹಿಡಿಯುವ ಮುಂದಿನ ದೊಡ್ಡ ತಿರುಪಿನ ಬಳೆ ಸಡಿಲವಾಗಿದ್ದರೂ ಇದೇ ಪಾಡು, ಏಕೆಂದರೆ ಅಲಗಿಗೂ ಬಿಲ್ಲೆಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ನಾರು ಅಲ್ಲಿ ಸುತ್ತಿಕೊಳ್ಳುತ್ತದೆ. ಕೆಲಸ ಮಾಡುವುದು ಕತ್ತರಿಯ ಎರಡು ಅಲಗುಗಳ ಹಾಗೆ ಸೇರಿ ನಡೆಯುವ ಆ ಜೋಡಿ. ಮೋಟಾರು ಕೇವಲ ಕೂಲಿ. ಅಲಗು ಮತ್ತು ಬಿಲ್ಲೆ ಒಂದಕ್ಕೊಂದು ಸವೆದು ಹೊಂದಿಕೊಳ್ಳುವುದರಿಂದ ನಾನು ಪ್ರತಿ ಬಿಲ್ಲೆಗೂ ಅದರದೇ ಅಲಗನ್ನು ಕಟ್ಟಿ ಇಡುತ್ತೇನೆ.

ಜಿಂಕೆ ಮಾಂಸದ ಗುಣವೂ ಇಲ್ಲಿ ಮುಖ್ಯ. ಅದರಲ್ಲಿ ಕೊಬ್ಬು ಬಹಳ ಕಡಿಮೆ, ಸ್ನಾಯುಗಳ ಮೇಲಿನ ಬೆಳ್ಳಗಿನ ಪೊರೆ ಮಾತ್ರ ಗಟ್ಟಿ. ಪೊರೆಯನ್ನು ಚಾಕುವಿನಿಂದ ಸುಲಿದು ತೆಗೆಯದಿದ್ದರೆ ಯಾವ ಯಂತ್ರವಾದರೂ ಹತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತದೆ, ಬಿಚ್ಚಿದರೆ ಅಲಗಿನ ಸುತ್ತ ಒದ್ದೆ ದಾರದ ಉಂಡೆಯಂತೆ ಸುತ್ತಿಕೊಂಡಿರುತ್ತದೆ. ನನ್ನ ಯಂತ್ರಕ್ಕೆ ಹಿಂದಕ್ಕೆ ತಿರುಗಿಸುವ ಸ್ವಿಚ್ ಇದೆ; ಅದರಿಂದ ಸಣ್ಣ ಅಡಚಣೆ ಬಿಡುತ್ತದೆ, ಸುತ್ತಿಕೊಂಡ ನಾರು ಬಿಡುವುದಿಲ್ಲ. ಜಿಂಕೆಯ ಸ್ವಂತ ಕೊಬ್ಬು ಮೇಣದಂತೆ ಅಂಗುಳಿಗೆ ಅಂಟುವುದರಿಂದ ಅದನ್ನೂ ತೆಗೆದು, ಬೇರೆ ಕೊಬ್ಬನ್ನು ಸೇರಿಸಬೇಕು. ಇಲ್ಲಿಯವರು ಹಂದಿಯ ಕೊಬ್ಬನ್ನು ಹಾಕುತ್ತಾರೆ. ಕೈಮಾ ಉಂಡೆಗೆ ನಾನು ಹತ್ತಕ್ಕೆ ಒಂದು ಪಾಲು ಕುರಿಯ ಕೊಬ್ಬು ಹಾಕುತ್ತೇನೆ. ಅದರ ವಾಸನೆ ಮಸಾಲೆಗೆ ಸರಿಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ತಣುಪು ಬೇಕು. ಮಾಂಸದ ಪಟ್ಟಿಗಳನ್ನು ಅಂಚು ಗಟ್ಟಿಯಾಗುವವರೆಗೆ ಫ್ರೀಜರಿನಲ್ಲಿಟ್ಟು, ಯಂತ್ರದ ತಲೆ, ತಿರುಪು, ಅಲಗುಗಳನ್ನೂ ಅಲ್ಲಿಯೇ ಇಟ್ಟಿರಬೇಕು. ಸರಿಯಾಗಿ ತಣ್ಣಗಿದ್ದರೆ ಬಿಲ್ಲೆಯಿಂದ ಬರುವ ಎಳೆಗಳಲ್ಲಿ ಕೆಂಪು ಬೇರೆ, ಬಿಳಿ ಬೇರೆಯಾಗಿ ಕಾಣುತ್ತವೆ. ಎರಡೂ ಕಲಸಿ ನಸುಗೆಂಪು ಬಣ್ಣದ ಪೇಸ್ಟಿನಂತೆ ಬರತೊಡಗಿತೆಂದರೆ ಕೊಬ್ಬು ಕರಗುತ್ತಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ ಮತ್ತೆ ಫ್ರೀಜರಿಗೆ ಇಡಬೇಕು. ಮಂಡ್ಯದಿಂದ ಬಂದಿದ್ದ ನಮ್ಮವ್ವ ನನ್ನ ಮೊದಲ ವರ್ಷದ ಕೈಮಾವನ್ನು ಬೆರಳಿನಲ್ಲಿ ಉಜ್ಜಿ ನೋಡಿ, “ಏನ್ಲಾ ಇದು, ಕೈಮಾನಾ ಚಟ್ನಿನಾ?” ಎಂದಿದ್ದರು. ಹುಣಸೆ ಮರದ ದಿಮ್ಮಿಯ ಮೇಲೆ ಮಚ್ಚಿನಲ್ಲಿ ಕೊಚ್ಚಿದ ಕೈಮಾ ತಿಂದು ಬೆಳೆದವರಿಗೆ ಮಾಂಸದ ಕಣ ಹಲ್ಲಿಗೆ ಸಿಗಬೇಕು. ಈಗ 3/8 ಅಂಗುಲದ ತೂತಿನ ಬಿಲ್ಲೆಯಲ್ಲಿ ಒಂದು ಸುತ್ತು, ಕೊಬ್ಬು ಬೆರೆಸಿದ ಮೇಲೆ 3/16ರಲ್ಲಿ ಇನ್ನೊಂದು ಸುತ್ತು ತೆಗೆಯುತ್ತೇನೆ. ಹುರಿಗಡಲೆ ಪುಡಿ, ತೆಂಗಿನಕಾಯಿ, ಮಸಾಲೆ ಸೇರಿಸಿ ಉಂಡೆ ಕಟ್ಟಿದರೆ ಸಾರಿನಲ್ಲಿ ಒಡೆಯುವುದಿಲ್ಲ. ಪಲ್ಯಕ್ಕೆ ಮೊದಲ ಸುತ್ತೇ ಸಾಕು. ಯಾವ ಅಡುಗೆಯಾದರೂ ಅರೆದ ಮಾಂಸ ಒಳಗಿನವರೆಗೆ 71 ಡಿಗ್ರಿ ಸೆಲ್ಸಿಯಸ್ ಬೇಯಬೇಕೆಂಬುದು ಇಲ್ಲಿನ ಸರ್ಕಾರದ ಸಲಹೆ.

ನಮ್ಮ ಭಾಗದಲ್ಲಿ ಮನೆಯಲ್ಲೇ ಅರೆಯುವುದಕ್ಕೆ ಹಣ ಉಳಿಸುವುದಕ್ಕಿಂತ ದೊಡ್ಡ ಕಾರಣವೊಂದಿದೆ. ಜಿಂಕೆಗಳ ಮಿದುಳನ್ನು ಹಾಳು ಮಾಡುವ, ಮಾಂಸವನ್ನು ಬೇಯಿಸಿದರೂ ಅಳಿಯದ ಪ್ರಿಯಾನ್ (ರೂಪ ಕೆಟ್ಟ ಪ್ರೋಟೀನ್) ರೋಗ ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಪತ್ತೆಯಾಯಿತು. ಅದು ಮನುಷ್ಯರಿಗೆ ತಗುಲಿದ ದಾಖಲೆ ಇಲ್ಲವಾದರೂ, ಪರೀಕ್ಷೆಯಲ್ಲಿ ರೋಗ ಕಂಡುಬಂದ ಜಿಂಕೆಯನ್ನು ತಿನ್ನಬಾರದೆಂದು ಆರೋಗ್ಯ ಇಲಾಖೆಗಳು ಹೇಳುತ್ತವೆ. ರಾಜ್ಯದ ಪ್ರಕೃತಿ ಸಂಪನ್ಮೂಲ ಇಲಾಖೆ ಮಾದರಿಯನ್ನು ಉಚಿತವಾಗಿ ಪರೀಕ್ಷಿಸುತ್ತದೆ. ಜಿಂಕೆಗೆ ನೂರು ಡಾಲರಿಗೂ ಮೇಲೆ ತೆಗೆದುಕೊಳ್ಳುವ ಅಂಗಡಿಯೊಂದಕ್ಕೆ ಹಿಂದೆ ಕೊಡುತ್ತಿದ್ದಾಗ, ನನ್ನ ಜಿಂಕೆಯ ಮಾಂಸವೇ ನನಗೆ ಬಂತೇ ಎಂದು ಕೇಳಿದ್ದಕ್ಕೆ ಅಲ್ಲಿಯವರು ನಕ್ಕು ಸುಮ್ಮನಾದರು. ಈಗ ಬೆನ್ನುಮೂಳೆಯನ್ನು ಕಡಿಯದೆ ಮಾಂಸವನ್ನಷ್ಟೇ ಬಿಡಿಸಿ, ಒಂದೊಂದು ಜಿಂಕೆಯದನ್ನೂ ಬೇರೆ ಚೀಲಗಳಲ್ಲಿ ಗುರುತು ಬರೆದು ಫ್ರೀಜರಿಗೆ ಹಾಕುತ್ತೇವೆ. ಫಲಿತಾಂಶ ಬರುವವರೆಗೆ ಯಾವುದೂ ಯಂತ್ರದ ಬಾಯಿಗೆ ಹೋಗುವುದಿಲ್ಲ. 2021ರಲ್ಲಿ ಒಂದು ಜಿಂಕೆಗೆ ರೋಗವಿದೆ ಎಂದು ಬಂತು, ನಲವತ್ತು ಪೌಂಡಿನಷ್ಟು ಮಾಂಸವನ್ನು ಎಸೆದೆವು; ಆದರೆ ಯಂತ್ರವೂ ಉಳಿದ ಮಾಂಸವೂ ಸೋಂಕಿನ ಭಯವಿಲ್ಲದೆ ಉಳಿದವು. ಹೀಗೆ ಕಾಯುವುದರಿಂದ ಅರೆಯುವ ಕೆಲಸ ಡಿಸೆಂಬರ್ ಕೊನೆಗೆ ಬಂದು, ಗ್ಯಾರೇಜಿನ ಚಳಿಯೇ ಮಾಂಸವನ್ನು ತಣ್ಣಗಿಡುತ್ತದೆ.

ವೇಗದ ಬಗ್ಗೆ ಕೈಪಿಡಿಯಲ್ಲಿ ನಿಮಿಷಕ್ಕೆ ಎಂಟು ಪೌಂಡ್ ಎಂದಿದೆ. ನನಗೆ ಒರಟು ಸುತ್ತಿನಲ್ಲಿ ನಾಲ್ಕು, ನಯವಾದ ಸುತ್ತಿನಲ್ಲಿ ಎರಡೂವರೆ ಸಿಕ್ಕಿದೆ. ಒಬ್ಬರು ಹಾಕಿ ಇನ್ನೊಬ್ಬರು ಚೀಲಕ್ಕೆ ತುಂಬುವುದಕ್ಕೆ ಅದಕ್ಕಿಂತ ಹೆಚ್ಚು ವೇಗ ಬೇಕಾಗಿಯೂ ಇಲ್ಲ.

ದೂರುಗಳೂ ಇವೆ. ಮೈ ಸ್ಟೇನ್‌ಲೆಸ್ ಸ್ಟೀಲ್ ಎಂದು ಬರೆದಿದ್ದರೂ ತಲೆಯ ಹಿಂದಿನ ಒಂದು ಕೊಂಡಿ ಅಲ್ಯೂಮಿನಿಯಂ. ಮೊದಲ ವರ್ಷ ಅದನ್ನು ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಿದ್ದರಿಂದ ಕಪ್ಪಿಟ್ಟು, ಇಂದಿಗೂ ಬಟ್ಟೆಗೆ ಬೂದು ಬಣ್ಣ ಹತ್ತುತ್ತದೆ. ಅಲಗು ತುಕ್ಕು ಹಿಡಿಯುವ ಉಕ್ಕಿನದು. ಕೈಯಲ್ಲಿ ತೊಳೆದು, ಒರಸಿ, ಆಹಾರಕ್ಕೆ ಬಳಸಬಹುದಾದ ಖನಿಜ ಎಣ್ಣೆ ಸವರಿ ಇಡದಿದ್ದರೆ ಮರುದಿನವೇ ಕೆಂಪಗಾಗುತ್ತದೆ. ತೊಳೆದು ಒಣಗಿಸಲು ಮುಕ್ಕಾಲು ಗಂಟೆ ಹಿಡಿಯುತ್ತದೆ, ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಮೇಲಿನ ತಟ್ಟೆ ತೆಳು ತಗಡಿನದಾದ್ದರಿಂದ ಹತ್ತು ಪೌಂಡ್ ಇಟ್ಟರೆ ಬಾಗುತ್ತದೆ. ಕಾಲಿನಿಂದ ಒತ್ತುವ ಸ್ವಿಚ್ಚನ್ನು ಬೇರೆ ಕೊಳ್ಳಬೇಕಾಯಿತು, ಆದರೆ ಎರಡೂ ಕೈಗಳು ಜಿಡ್ಡಾಗಿರುವಾಗ ಅದಿಲ್ಲದೆ ಆಗುವುದಿಲ್ಲ. ಇಲ್ಲಿಂದ ಊರಿಗೆ ಒಯ್ಯುವ ಯೋಚನೆಯಿದ್ದವರು ಬಿಡುವುದು ಒಳ್ಳೆಯದು. 120 ವೋಲ್ಟಿನ ಈ ಮೋಟಾರನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ.

ವರ್ಷಕ್ಕೆ ಒಂದೇ ಜಿಂಕೆ ಹೊಡೆಯುವವರಿಗೆ, ಅಥವಾ ಹಬ್ಬಕ್ಕೆ ಮಾತ್ರ ಕೈಮಾ ಮಾಡುವವರಿಗೆ, ಲೋಹದ ಗಿಯರಿರುವ ಎಂಟನೆಯ ನಂಬರು ಸಾಕು. ತಾಳ್ಮೆಯಿದ್ದರೆ ಮೇಜಿಗೆ ಬಿಗಿಯುವ ಕೈ ಯಂತ್ರವೂ ನಡೆಯುತ್ತದೆ. ಎರಡರಿಂದ ಐದು ಜಿಂಕೆಗಳಿಗೆ ಹನ್ನೆರಡು. ಇಪ್ಪತ್ತೆರಡನೆಯದು ಎತ್ತಿಡಲೂ ತೊಳೆಯಲೂ ಇಬ್ಬರು ಬೇಕಾಗುವಷ್ಟು ಭಾರ, ನಾಲ್ಕು ಮನೆಯವರು ಸೇರಿ ಕೊಂಡರೆ ಮಾತ್ರ ಸರಿ. ನನ್ನ ಯಂತ್ರದ ಮೋಟಾರಿಗೆ ಈವರೆಗೆ ಏನೂ ಆಗಿಲ್ಲ. 3/16ರ ಬಿಲ್ಲೆಯನ್ನೂ ಅದರ ಅಲಗನ್ನೂ ಎರಡು ಸಲ ಬದಲಿಸಿದ್ದೇನೆ, ಮೂರನೆಯ ಜೋಡಿ ಕಪಾಟಿನಲ್ಲಿದೆ.