ಹೂವಿನ ಬೋಗುಣಿಗೆ ಯಾವ ಮಣ್ಣು? ಟೆರಾಕೋಟಾ, ಜೈಪುರದ ನೀಲಿ, ಸ್ಟೋನ್‌ವೇರ್ ಮೂರನ್ನೂ ಮನೆಯಲ್ಲಿಟ್ಟು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಹಾಲ್‌ನ ಟೀಪಾಯಿ ಮೇಲೆ ಈಗ ಇರುವುದು ಸ್ಟೋನ್‌ವೇರ್ ಬೋಗುಣಿ, ಅಂದರೆ ಹೆಚ್ಚು ಕಾವಿಗೆ ಸುಟ್ಟ ಗಟ್ಟಿ ಮಣ್ಣಿನದು. ಪುದುಚೇರಿಯಿಂದ ತಂದು ಒಂದೂವರೆ ವರ್ಷ ಆಯಿತು. ದಿನಾ ನೀರು, ದಿನಾ ಹೂವು. ಇವತ್ತಿನವರೆಗೂ ಒಂದು ಹನಿ ಕೆಳಗೆ ಇಳಿದಿಲ್ಲ. ಅದಕ್ಕೆ ಮುಂಚೆ ಅದೇ ಜಾಗದಲ್ಲಿ ಒಂದು ಟೆರಾಕೋಟಾ ಉರುಳಿ (ಸುಟ್ಟ ಕೆಂಪು ಮಣ್ಣಿನ ಅಗಲ ಬಾಯಿಯ ಪಾತ್ರೆ) ಇತ್ತು, ಆಮೇಲೆ ಸ್ವಲ್ಪ ದಿನ ಜೈಪುರದ ನೀಲಿ ಹೂದಾನಿ ಇತ್ತು.

ಸಂಜೆ ಮನೆಗೆ ಬರುವಾಗ ಬಿಡಿ ಹೂವು ತರುವುದು ನನ್ನ ಅಭ್ಯಾಸ. ಸೇವಂತಿಗೆ, ಚೆಂಡು ಹೂವು, ಯಾವುದು ಅಗ್ಗ ಇರುತ್ತದೋ ಅದು. ದೇವರಿಗೆ ಇಟ್ಟು ಉಳಿದದ್ದನ್ನು ಅಗಲವಾದ ಪಾತ್ರೆಯಲ್ಲಿ ನೀರು ಹಾಕಿ ತೇಲಿಬಿಡುತ್ತೇನೆ. ಸುಮ್ನೆ ಷೋಕೇಸಿನಲ್ಲಿ ಇಡುವವರಿಗೆ ಈ ಹೋಲಿಕೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ನನಗೆ ನೀರು ನಿಲ್ಲುವ ಪಾತ್ರೆ ಬೇಕಿತ್ತು.

ಉರುಳಿ ತಂದದ್ದು ಬೆಂಗಳೂರಿನ ಪಾಟರಿ ಟೌನ್‌ನಿಂದ. ಕಂಟೋನ್ಮೆಂಟ್ ಸ್ಟೇಷನ್ ಹತ್ತಿರದ ಆ ಬೀದಿಗಳಲ್ಲಿ ನಡೆಯುವುದೇ ನನಗೆ ಇಷ್ಟ. ಗಣೇಶನ ಹಬ್ಬಕ್ಕೆ ಮುಂಚೆ ಹೋದರೆ ಎಲ್ಲಿ ನೋಡಿದರೂ ಹಸಿ ಮಣ್ಣಿನ ಗಣಪತಿಗಳು. ಹಬ್ಬ ಮುಗಿದ ಮೇಲೆ ಹಣತೆ, ಕುಂಡ, ಹೂಜಿ. 14 ಇಂಚಿನ ಉರುಳಿಗೆ 450 ರೂಪಾಯಿ ಕೊಟ್ಟೆ. ಅಂಚಿನ ಸುತ್ತ ಬೆರಳಲ್ಲಿ ಒತ್ತಿ ಮಾಡಿದ ಅಲೆ ಅಲೆಯಾದ ಮಡಿಕೆ. ತಟ್ಟಿ ನೋಡಿದರೆ ಟಣ್ ಅಂತ ಒಳ್ಳೆ ಸದ್ದು. ಬಣ್ಣವಂತೂ ಹೇಳುವುದೇ ಬೇಡ, ಆ ಕೆಂಪಿನ ಮೇಲೆ ಹಳದಿ ಸೇವಂತಿಗೆ ತೇಲಿದರೆ ಹಬ್ಬದ ಮನೆಯ ಹಾಗೆ ಕಾಣುತ್ತದೆ. ಮಾರುವವರು "ನೀರು ಸ್ವಲ್ಪ ಪಸೆ ಬರುತ್ತೆ ಮೇಡಂ, ಕೆಳಗೆ ತಟ್ಟೆ ಇಡಿ" ಅಂತ ಹೇಳಿಯೇ ಕೊಟ್ಟರು. ಸ್ವಲ್ಪ ಅಂದರೆ ಎಷ್ಟು ಅನ್ನುವುದು ನನಗೆ ಗೊತ್ತಿರಲಿಲ್ಲ.

ನಮ್ಮ ಟೀಪಾಯಿ ತೇಗದ್ದು. ಅಪ್ಪ ಊರಲ್ಲಿ ಮಾಡಿಸಿದ್ದು. ಉರುಳಿ ಇಟ್ಟ ಮೂರನೇ ದಿನ ಒರೆಸಲು ಎತ್ತಿದೆ. ತಟ್ಟೆಯಲ್ಲಿ ನೀರು ನಿಂತಿತ್ತು. ತಟ್ಟೆಯ ಕೆಳಗೂ ತೇವ. ಪಾಲಿಶ್ ಮೇಲೆ ಊಟದ ತಟ್ಟೆಯಷ್ಟು ಅಗಲದ ಬೆಳ್ಳಗಿನ ಉಂಗುರ ಮೂಡಿತ್ತು. ಒಣಬಟ್ಟೆಯಲ್ಲಿ ಉಜ್ಜಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ, ಹೋಗಲಿಲ್ಲ. ಕೊನೆಗೆ ಬಡಗಿಯನ್ನು ಕರೆಸಿ ಮತ್ತೆ ಪಾಲಿಶ್ ಮಾಡಿಸಿದ್ದಕ್ಕೆ 1,800 ರೂಪಾಯಿ ಆಯಿತು. ಉರುಳಿಯ ಬೆಲೆಯ ನಾಲ್ಕು ಪಟ್ಟು.

ಅಷ್ಟಕ್ಕೇ ಬಿಡಲು ಮನಸ್ಸು ಬರಲಿಲ್ಲ. ಅಷ್ಟು ಚೆನ್ನಾಗಿತ್ತು ಅದು. ದಪ್ಪ ಕಾರ್ಕಿನ ಮ್ಯಾಟ್ ಹಾಕಿದೆ. ಎರಡು ದಿನಕ್ಕೆ ಅದೂ ನೆನೆದು ಮುಗ್ಗಲು ವಾಸನೆ. ಒಳಗೆ ಒಂದು ಸ್ಟೀಲ್ ಬಟ್ಟಲು ಇಟ್ಟು ಅದರಲ್ಲಿ ನೀರು ಹಾಕಿದೆ. ನೀರು ನಿಂತಿತು, ಆದರೆ ಮಣ್ಣಿನ ಅಂಚಿನ ಒಳಗೆ ಸ್ಟೀಲ್ ಮಿಂಚುವುದನ್ನು ನೋಡಲು ಆಗಲಿಲ್ಲ. ಆಮೇಲೆ ಯಾರೋ ಹೇಳಿದರು ಅಂತ ಒಳಗಡೆ ಆಯಿಲ್ ಪೇಂಟ್ ಹೊಡೆದೆ. ಇಲ್ಲಿ ನನ್ನದೇ ತಪ್ಪಾಯಿತು. ಉರುಳಿ ಅಷ್ಟು ಹೊತ್ತಿಗೆ ವಾರಗಟ್ಟಲೆ ನೀರು ಕುಡಿದಿತ್ತು. ನಾನು ಒಂದೇ ದಿನ ಒಣಗಿಸಿ ಬಳಿದೆ. ಒಳಗೆ ಉಳಿದ ತೇವ ಪೇಂಟನ್ನು ಎಬ್ಬಿಸಿತು. ಹಪ್ಪಳದ ಮೇಲೆ ಏಳುವಂಥ ಗುಳ್ಳೆಗಳು ಬಂದು ಒಂದೊಂದಾಗಿ ಸಿಪ್ಪೆ ಸುಲಿದು ಹೂವಿನ ಜೊತೆ ತೇಲತೊಡಗಿದವು.

ಇನ್ನೊಂದು ಕಿರಿಕಿರಿ ಹೊರಮೈಯದು. ನಮ್ಮದು ಬೋರ್‌ವೆಲ್ ನೀರು, ಗಡಸು. ನೀರು ಗೋಡೆಯಿಂದ ಹೊರಗೆ ಬಂದು ಆರಿಹೋಗುತ್ತದೆ, ಅದರಲ್ಲಿದ್ದ ಉಪ್ಪು ಮಣ್ಣಿನ ಮೇಲೆಯೇ ಉಳಿಯುತ್ತದೆ. ಎರಡು ವಾರದಲ್ಲಿ ಕೆಂಪು ಉರುಳಿಯ ಹೊಟ್ಟೆಯ ಸುತ್ತ ಸುಣ್ಣ ಎರಚಿದ ಹಾಗೆ ಬಿಳಿ ಪುಡಿ. ನೀರು ಬೆರೆಸಿದ ವಿನಿಗರ್ ಹಾಕಿ ನಾರಿನಿಂದ ಉಜ್ಜಿದರೆ ಹೋಗುತ್ತದೆ, ಮತ್ತೆ ಎರಡು ವಾರಕ್ಕೆ ಹಾಜರ್. ಫಿಲ್ಟರ್ ನೀರು ಹಾಕಿದರೆ ಕಡಿಮೆ ಆಗುತ್ತದೆ ನಿಜ. ಹೂವಿಗೆ ದಿನಾ ಮೂರು ಲೀಟರ್ ಫಿಲ್ಟರ್ ನೀರು ಸುರಿಯಲು ನನಗೆ ಮನಸ್ಸಾಗುವುದಿಲ್ಲ.

ಇದು ಮಾಡಿದವರ ಕೆಲಸದ ದೋಷ ಅಲ್ಲ. ಟೆರಾಕೋಟಾ ಸಾಮಾನ್ಯವಾಗಿ ಸಾವಿರ ಡಿಗ್ರಿ ಸೆಲ್ಸಿಯಸ್ ಒಳಗೇ ಬೇಯುತ್ತದೆ. ಅಷ್ಟು ಕಾವಿಗೆ ಮಣ್ಣಿನ ಕಣಗಳ ನಡುವಿನ ಸಂದು ಮುಚ್ಚಿಕೊಳ್ಳುವುದಿಲ್ಲ. ಹೂಜಿಯ ನೀರು ತಣ್ಣಗಿರುವುದು ಇದೇ ಸಂದುಗಳಿಂದ ಅಲ್ವಾ? ನೀರು ಜಿನುಗಿ ಆರುತ್ತಾ ಒಳಗಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ಹೂಜಿಯಲ್ಲಿ ನಮಗೆ ಬೇಕಾದ ಆ ಗುಣವೇ ತೇಗದ ಟೀಪಾಯಿ ಮೇಲೆ ಬೇಡ. ಪೇಂಟ್ ಪೂರ್ತಿ ಕೆರೆದು ತೆಗೆದು ಉರುಳಿಯನ್ನು ಟೆರೇಸಿಗೆ ಸಾಗಿಸಿದೆ. ಏಪ್ರಿಲ್ ಬಿಸಿಲಲ್ಲೂ ಅದರ ನೀರು ತಣ್ಣಗಿರುತ್ತದೆ. ಮೈನಾ, ಪಿಕಳಾರ ಬಂದು ರೆಕ್ಕೆ ಒದ್ದೆ ಮಾಡಿಕೊಂಡು ಹೋಗುತ್ತವೆ.

ಜೈಪುರದ ನೀಲಿ ಹೂದಾನಿಯನ್ನು ಕರಕುಶಲ ಮೇಳವೊಂದರಲ್ಲಿ 1,200 ರೂಪಾಯಿಗೆ ಕೊಂಡೆ. ಕೋಬಾಲ್ಟಿನ ಆ ಕಡುನೀಲಿ, ತಾಮ್ರದಿಂದ ಬರುವ ಹಸಿರುನೀಲಿ, ಬಿಳಿ ಮೈ ಮೇಲೆ ಕುಂಚದಲ್ಲಿ ಬಿಡಿಸಿದ ಬಳ್ಳಿ. ನೋಡಲು ಮೂರರಲ್ಲಿ ಇದೇ ಚೆಂದ, ಒಪ್ಪುತ್ತೇನೆ. ಆಶ್ಚರ್ಯ ಏನೆಂದರೆ ಇದರಲ್ಲಿ ಕುಂಬಾರರ ಜೇಡಿಮಣ್ಣೇ ಇಲ್ಲ. ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಸ್ವಲ್ಪ ಮುಲ್ತಾನಿ ಮಿಟ್ಟಿ, ಅಂಟು ಸೇರಿಸಿ ನಾದಿದ ಹಿಟ್ಟು. ಅದಕ್ಕೆ ಜಿಗುಟು ಕಡಿಮೆ, ಹಾಗಾಗಿ ಹೆಚ್ಚಾಗಿ ಅಚ್ಚಿನಲ್ಲೇ ಒತ್ತಿ ಮಾಡುತ್ತಾರೆ. ನಿಂತೇ ಹೋಗುವ ಹಂತದಲ್ಲಿದ್ದ ಈ ಕಲೆಯನ್ನು ಮತ್ತೆ ಎತ್ತಿ ನಿಲ್ಲಿಸಿದವರು ಕೃಪಾಲ್ ಸಿಂಗ್ ಶೇಖಾವತ್. ಅವರಿಗೆ 1974ರಲ್ಲಿ ಪದ್ಮಶ್ರೀ ಬಂತು.

ನಮ್ಮ ಮನೆಗೆ ಮಾತ್ರ ಅದು ಒಗ್ಗಲಿಲ್ಲ. ತೊಳೆಯುವಾಗ ನಲ್ಲಿಗೆ ಮೆಲ್ಲಗೆ ತಾಗಿತು, ಅಷ್ಟೇ, ಬಾಯಿಯ ಅಂಚಿನಿಂದ ಒಂದು ಚೂರು ಹಾರಿಹೋಯಿತು. ಮುರಿದ ಜಾಗ ಕಲ್ಲುಸಕ್ಕರೆಯ ಹಾಗೆ ಬೆಳ್ಳಗೆ, ತರಿತರಿಯಾಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಇದಕ್ಕೆ ದೊಣ್ಣೆಯೂ ಬೇಕಾಗಲಿಲ್ಲ. ದಿನಾ ತೊಳೆದು ಇಡುವ ಮನೆಗೆ ಇದು ಸಲ್ಲದು. ಕೈ ತಾಗದ ಜಾಗಕ್ಕೆ, ಗೋಡೆಗೆ ಹಾಕುವ ಟೈಲ್ಸಿಗೆ, ಬಾಗಿಲಿನ ಹಿಡಿಕೆಗೆ ಕಣ್ಣು ಮುಚ್ಚಿ ತನ್ನಿ. ನಮ್ಮ ಹೂದಾನಿ ಒಡೆದ ಬದಿ ಗೋಡೆಗೆ ತಿರುಗಿಕೊಂಡು ಪುಸ್ತಕದ ಕಪಾಟಿನ ಮೇಲಿದೆ.

ಇನ್ನು ನನ್ನ ಬೋಗುಣಿ. ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರು ಮಾಡಿದರು. ಅಲ್ಲಿ ಕಲಿತವರು ಮುಂದೆ ತಮ್ಮದೇ ಸ್ಟುಡಿಯೋ ಮಾಡಿಕೊಂಡರು. ಹಾಗಾಗಿ ಆ ಕಡೆ ಹೋದರೆ ಸ್ಟೋನ್‌ವೇರ್‌ಗೆ ಬರ ಇಲ್ಲ. ನಾನು ಒಂದು ಚಿಕ್ಕ ಸ್ಟುಡಿಯೋದ ಸೆಕೆಂಡ್ಸ್ (ಸಣ್ಣ ದೋಷ ಇರುವುದರಿಂದ ಕಡಿಮೆ ಬೆಲೆಗೆ ಮಾರುವ ಪಾತ್ರೆಗಳು) ಕಪಾಟಿನಿಂದ 1,600 ರೂಪಾಯಿಗೆ ಆರಿಸಿದೆ. ಅದೇ ಅಳತೆಯ ಮೊದಲ ದರ್ಜೆಯದು 2,800 ಇತ್ತು. ನನ್ನದರ ದೋಷ ಏನೆಂದರೆ ಬಾಯಿ ಪೂರ್ತಿ ದುಂಡಗಿಲ್ಲ, ಒಂದು ಕಡೆ ಚೂರು ಒಳಗೆ ಬಾಗಿದೆ. ಹೂವು ತುಂಬಿದ ಮೇಲೆ ಅದನ್ನು ಯಾರು ನೋಡುತ್ತಾರೆ?

ಇದರ ಮಣ್ಣು ಬೇಯುವುದು 1200ರಿಂದ 1300 ಡಿಗ್ರಿಯಲ್ಲಿ. ಆ ಕಾವಿಗೆ ಮಣ್ಣು ಕಲ್ಲಿನಂತೆ ಬಿಗಿಯಾಗುತ್ತದೆ, ಸಂದುಗಳು ಮುಚ್ಚಿಕೊಳ್ಳುತ್ತವೆ. ಮೇಲೆ ಗ್ಲೇಜ್ ಬೇರೆ, ಅಂದರೆ ಗಾಜಿನಂಥ ಲೇಪ. ಕೆಳಗೆ ಮ್ಯಾಟ್ ಇಲ್ಲದೆ ರಾತ್ರಿಯಿಡೀ ನೀರು ಇಟ್ಟು ಬೆಳಗ್ಗೆ ಕೈಯಾಡಿಸಿ ನೋಡಿದೆ. ಟೀಪಾಯಿ ಒಣಗಿಯೇ ಇತ್ತು. ಬೂದಿ ಹಸಿರು ಬಣ್ಣದ ಗ್ಲೇಜ್ ಹೊರಮೈಯಲ್ಲಿ ಇಳಿದು, ಬುಡಕ್ಕೆ ಒಂದು ಬೆರಳು ಮೇಲೆ ದಪ್ಪ ಹನಿಯಾಗಿ ನಿಂತುಬಿಟ್ಟಿದೆ. ಅದರ ಪಕ್ಕದಲ್ಲೇ ಮೂರು ಬೆರಳಿನ ಗುರುತು, ಗ್ಲೇಜಿನಲ್ಲಿ ಅದ್ದುವಾಗ ಹಿಡಿದ ಕೈಯದು. ನನ್ನ ಬೆರಳು ಸರಿಯಾಗಿ ಅಲ್ಲೇ ಕೂರುತ್ತದೆ. ದಿನಾ ಎತ್ತುವಾಗ ಅಲ್ಲೇ ಹಿಡಿಯುತ್ತೇನೆ.

ಭಾರ ಜಾಸ್ತಿ, ನೀರು ತುಂಬಿದರೆ ಎರಡು ಕೈ ಬೇಕು. ಬುಡ ತರಿತರಿ, ಮರ ಗೀಚದ ಹಾಗೆ ಫೆಲ್ಟ್ ಅಂಟಿಸಿದ್ದೇನೆ.

ನಿಮ್ಮ ಬಜೆಟ್ 500 ರೂಪಾಯಿ ಆಗಿದ್ದು, ಇಡುವ ಜಾಗ ಬಾಲ್ಕನಿಯೋ ಕಲ್ಲಿನ ನೆಲವೋ ಆದರೆ, ಬೇರೆ ಯೋಚನೆ ಬೇಡ, ಟೆರಾಕೋಟಾ ತನ್ನಿ. ಮರದ ಮೇಲೆ ದಿನಾ ನೀರು ಇಡುವವರಾದರೆ ಎರಡು ತಿಂಗಳು ಕಾಸು ಕೂಡಿಟ್ಟಾದರೂ ಸ್ಟೋನ್‌ವೇರ್ ಕೊಳ್ಳಿ. ನಾನು ಉರುಳಿಗೆ, ಪಾಲಿಶ್‌ಗೆ, ಹೂದಾನಿಗೆ ಕೊಟ್ಟದ್ದು ಸೇರಿಸಿದರೆ 3,450. ಮೊದಲ ದರ್ಜೆಯ ಬೋಗುಣಿಯೇ ಬಂದು ಇನ್ನೂ ಉಳಿಯುತ್ತಿತ್ತು. ಸೆಕೆಂಡ್ಸ್ ಕೊಳ್ಳುವಾಗ ಸೊಟ್ಟ ಇದ್ದರೆ ಪರವಾಗಿಲ್ಲ, ಕೂದಲೆಳೆ ಬಿರುಕು ಮಾತ್ರ ಇರಬಾರದು. ಅಲ್ಲೇ ನೀರು ತುಂಬಿಸಿ, ಹಳೇ ಪೇಪರ್ ಮೇಲೆ ಅರ್ಧ ಗಂಟೆ ಇಡಿಸಿ. ಪೇಪರ್ ಒಣಗಿದ್ದರೆ ದುಡ್ಡು ಕೊಡಿ.