ನಾಲ್ಕು ಜನರ ಬಾಡಿಗೆ ಟೆಂಟು ಕಡಲ ಮರಳಿಗೆ ಆಗುತ್ತದೆಯೇ?

ಮೈಸೂರಿನಲ್ಲಿ ಟ್ರೆಕ್ಕಿಂಗ್ ಸಾಮಾನು ಬಾಡಿಗೆಗೆ ಕೊಡುವ ಕಡೆ ಸಂಸಾರಸ್ಥರ ಕೈಗೆ ಬರುವುದು ಹೆಚ್ಚಾಗಿ ಒಂದೇ ನಮೂನೆ: ಎರಡು ಪೋಲ್ ನೆತ್ತಿಯ ಮೇಲೆ ಅಡ್ಡ ಹಾಯುವ, ಎರಡು ಪದರದ, ನಾಲ್ಕು ಜನರ ಡೋಮ್ ಟೆಂಟು. ತಳ ಸುಮಾರು 240 × 210 ಸೆಂ.ಮೀ., ನಡುವಿನ ಎತ್ತರ 130 ಸೆಂ.ಮೀ. ಆಸುಪಾಸು, ತೂಕ ನಾಲ್ಕೈದು ಕೆ.ಜಿ. ಕೊಡಗಿನ ಗಟ್ಟಿ ಮಣ್ಣಿಗೆ ಇದರಲ್ಲಿ ಕೊರತೆಯೇನೂ ಇಲ್ಲ. ಕಡಲ ದಡಕ್ಕೆ ಒಯ್ದರೂ ಟೆಂಟು ಪರವಾಗಿಲ್ಲ, ಜೊತೆಗೆ ಕೊಡುವ ಗೂಟಗಳು ಮಾತ್ರ ದಂಡ.

ನಾಲ್ಕು ಜನರದು ಎಂದರೆ ತಲೆಗೆ 60 ಸೆಂ.ಮೀ., ಅಂದರೆ ಬರೀ ಎರಡಡಿ ಅಗಲ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಮಲಗಿದರೆ ಬ್ಯಾಗುಗಳು ಕಾರಿನಲ್ಲೇ ಇರಬೇಕು. ಅಜ್ಜಿ ತಾತ ಜೊತೆಗಿದ್ದರೆ ಅವರಿಗೆ ಹತ್ತಿರದ ಹೋಂಸ್ಟೇಯಲ್ಲಿ ರೂಮು ಮಾಡಿ. ರಾತ್ರಿ ಎರಡು ಸಲ ಬಗ್ಗಿ ಹೊರಬರುವುದು ಮಂಡಿನೋವಿನವರಿಗೆ ಶಿಕ್ಷೆ.

ಅಂಗಡಿಯಲ್ಲೇ ಚೀಲ ಬಿಚ್ಚಿಸಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಸರಿಯೇ. ಮೊದಲು ಪೋಲ್. ಇವು ಸಾಮಾನ್ಯವಾಗಿ ಫೈಬರ್ ಗ್ಲಾಸಿನವು, ತುಂಡು ತುಂಡಾಗಿ ಒಳಗೆ ಇಲಾಸ್ಟಿಕ್ ದಾರ ಹಾಯ್ದಿರುತ್ತದೆ. ಪ್ರತಿ ತುಂಡಿನ ತುದಿಯಲ್ಲಿ ಇರುವ ಲೋಹದ ಬಳೆಯ ಪಕ್ಕ ಉದ್ದುದ್ದ ಸೀಳು ಕಂಡರೆ ಆ ಸೆಟ್ ಬೇಡ, ಬಗ್ಗಿಸಿದಾಗ ಮುರಿಯುವುದು ಅಲ್ಲೇ. ಆಮೇಲೆ ಬಾಗಿಲ ಜಿಪ್ಪನ್ನು ಮೂಲೆಯವರೆಗೂ ಎಳೆದು ನೋಡಿ. ಕೊನೆಗೆ ಫ್ಲೈಯನ್ನು, ಅಂದರೆ ಮೇಲಿನ ಹೊರಪದರವನ್ನು ತಿರುಗಿಸಿ ಹೊಲಿಗೆಯ ಮೇಲೆ ಅಂಟಿಸಿದ ಪಟ್ಟಿ ಎದ್ದಿದೆಯೇ ಗಮನಿಸಿ. ಬಟ್ಟೆಯ ಮೇಲೆ 2000 ಮಿ.ಮೀ. ಎಂದು ಅಚ್ಚಾಗಿದ್ದರೆ ಎರಡು ಮೀಟರ್ ಎತ್ತರದ ನೀರಿನ ಒತ್ತಡ ತಾಳುತ್ತದೆ ಎಂದರ್ಥ. ಹೊಲಿಗೆಯ ಪಟ್ಟಿ ಕಿತ್ತುಹೋಗಿದ್ದರೆ ಆ ಅಂಕಿಗೆ ಬೆಲೆಯಿಲ್ಲ, ನೀರು ಸೂಜಿಯ ತೂತಿನಲ್ಲಿ ಇಳಿಯುತ್ತದೆ. ಒಂದೇ ಪದರದ ಅಗ್ಗದ ಟೆಂಟು ಕೊಡಲು ಬಂದರೆ ತೆಗೆದುಕೊಳ್ಳಬೇಡಿ, ಕಾರಣ ಮುಂದಿದೆ.

ಇನ್ನು ಗೂಟ. ಸೆಟ್ಟಿನಲ್ಲಿ ಬರುವುದು ಗೇಣುದ್ದದ, ಪೆನ್ಸಿಲಿಗಿಂತ ಸಣ್ಣ ಕಬ್ಬಿಣದ ಕಡ್ಡಿ. ಒಣ ಮರಳಿನಲ್ಲಿ ಅದನ್ನು ಎರಡು ಬೆರಳಲ್ಲಿ ಕೀಳಬಹುದು. ಮರಳಿನಲ್ಲಿ ಬೇಕಿರುವುದು ಚೂಪಲ್ಲ, ಹರವು. ಅದಕ್ಕೆ ಮನೆಯಲ್ಲಿ ಖಾಲಿಯಾದ 5 ಕೆ.ಜಿ. ಅಕ್ಕಿ ಚೀಲ ಎಂಟು ಎತ್ತಿಟ್ಟುಕೊಳ್ಳಿ: ನಾಲ್ಕು ಮೂಲೆಗೆ, ಫ್ಲೈಯನ್ನು ಎಳೆದು ಬಿಗಿಯುವ ನಾಲ್ಕು ಹಗ್ಗಕ್ಕೆ. ಅಕ್ಕಿಗಿಂತ ಮರಳು ಭಾರ, ಹಾಗಾಗಿ ಅದೇ ಚೀಲದಲ್ಲಿ ಹೆಚ್ಚುಕಡಿಮೆ 9 ಕೆ.ಜಿ. ಮರಳು ಹಿಡಿಯುತ್ತದೆ. ಮಂಡ್ಯ ಕಡೆಯವರಿಗೆ ಗೊಬ್ಬರದ ಚೀಲ ಸುಲಭ, ಆದರೆ ಅದು ಅಳತೆಗೆ ಮೀರಿ ದೊಡ್ಡದು, ಅದಕ್ಕೆ ತಕ್ಕ ಗುಂಡಿ ತೋಡುವಷ್ಟರಲ್ಲಿ ಕತ್ತಲಾಗುತ್ತದೆ.

ಚೀಲದ ಬಾಯಿ ಕಟ್ಟಿ, ಹೊಟ್ಟೆಯ ನಡುವೆ ಹಗ್ಗ ಸುತ್ತಿ ಗಂಟು ಹಾಕಿ. ಹಗ್ಗ ಎಳೆಯುವ ದಿಕ್ಕಿಗೆ ಚೀಲ ಅಡ್ಡಲಾಗಿ ಮಲಗುವಂತೆ ಒಂದೂವರೆ ಅಡಿ ಆಳದ ಗುಂಡಿ ಮಾಡಿ. ಗುಂಡಿಯಿಂದ ಟೆಂಟಿನ ಕಡೆಗೆ ಹಗ್ಗ ಹಾಯಲು ಓರೆಯಾಗಿ ಸಣ್ಣ ಕಾಲುವೆ ಬಿಡಿ. ಇಲ್ಲದಿದ್ದರೆ ಹಗ್ಗ ನೆಟ್ಟಗೆ ಮೇಲಕ್ಕೆ ಎಳೆದು ಚೀಲವನ್ನೇ ಎಬ್ಬಿಸುತ್ತದೆ. ಮರಳು ಮುಚ್ಚಿ, ಒಂದು ಬಕೆಟ್ ನೀರು ಸುರಿದು ತುಳಿಯಿರಿ. ಒಬ್ಬರು ಬಲವಾಗಿ ಜಗ್ಗಿದರೂ ಅಲುಗಬಾರದು. ಮಕ್ಕಳಿಗೆ ಈ ಕೆಲಸ ಟೆಂಟಿಗಿಂತ ಇಷ್ಟವಾಗುತ್ತದೆ.

ಪೋಲನ್ನು ಬಟ್ಟೆಯ ತೋಳಿನೊಳಗೆ ಯಾವಾಗಲೂ ದೂಡಿ, ಎಳೆಯಬೇಡಿ. ಎಳೆದರೆ ಒಳಗೇ ತುಂಡುಗಳು ಬಿಟ್ಟುಕೊಳ್ಳುತ್ತವೆ. ಪೋಲನ್ನು ಮರಳ ಮೇಲೆ ಇಟ್ಟರೆ ಬಳೆಯೊಳಗೆ ಕಾಳು ಸೇರಿ ತುಂಡು ಪೂರ್ತಿ ಕೂರುವುದಿಲ್ಲ; ಹಾಗೆ ಅರೆಬರೆ ಕೂತದ್ದೇ ಬಗ್ಗಿಸಿದಾಗ ಸೀಳುತ್ತದೆ. ಟಾರ್ಪಾಲಿನ ಮೇಲೆ ಹರಡಿಕೊಂಡೇ ಜೋಡಿಸಿ. ಆ ಟಾರ್ಪಾಲು ಟೆಂಟಿನ ತಳಕ್ಕಿಂತ ಸುತ್ತಲೂ ನಾಲ್ಕು ಬೆರಳು ಚಿಕ್ಕದಿರಲಿ. ಹೊರಗೆ ಚಾಚಿದ್ದರೆ ಮಳೆನೀರು, ಇಬ್ಬನಿ ಎಲ್ಲ ತಳದಡಿಗೆ ಹರಿದು ನಿಲ್ಲುತ್ತದೆ. ಮೈಸೂರಿನ ಸಂತೇಪೇಟೆಯಲ್ಲಿ ಅಡಿ ಲೆಕ್ಕದಲ್ಲಿ ಕೊಂಡು ಅಂಚು ಮಡಚಿಕೊಂಡರೆ ಸಾಕು.

ಜಾಗದ ವಿಷಯ. ಅಲೆ ತಂದುಹಾಕಿದ ಕಸದ ಗೆರೆ ದಡದಲ್ಲಿ ಕಾಣುತ್ತದೆ, ಅದು ಈಚಿನ ಉಬ್ಬರದ ಗುರುತು. ಅಮಾವಾಸ್ಯೆ ಹುಣ್ಣಿಮೆಗೆ ನೀರು ಅದನ್ನೂ ದಾಟುತ್ತದೆ, ಮತ್ತು ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆದ್ದರಿಂದ ನೇರಳೆ ಹೂವಿನ ಬಳ್ಳಿ ಹಬ್ಬಿರುವ ಎತ್ತರಕ್ಕೆ ಹೋಗಿ, ಆದರೆ ತೆಂಗಿನ ಮರದಡಿ ಬೇಡ. ಹಗಲು ಗಾಳಿ ಕಡಲಿನಿಂದ ಬೀಸುತ್ತದೆ, ಸಂಜೆಯ ಹೊತ್ತಿಗೆ ಜೋರು. ರಾತ್ರಿ ನೆಲದ ಕಡೆಯಿಂದ ಮೆಲ್ಲಗೆ. ಟೆಂಟಿನ ಕಿರಿದಾದ ಬದಿ ಕಡಲಿಗಿರಲಿ, ಬಾಗಿಲು ಪೂರ್ವಕ್ಕೆ. ಕಡಲು ಕಾಣಲಿ ಎಂದು ಬಾಗಿಲನ್ನು ಪಡುವಣಕ್ಕೆ ಇಟ್ಟರೆ ಸಂಜೆ ಹಾಸಿಗೆಯ ತುಂಬ ಮರಳು. ಸಾರ್ವಜನಿಕ ದಡದಲ್ಲಿ ರಾತ್ರಿ ಉಳಿಯಲು ಸ್ಥಳೀಯವಾಗಿ ಒಪ್ಪಿಗೆ ಕೇಳಲೇಬೇಕು. ಕುಟುಂಬಕ್ಕಾದರೆ ದಡಕ್ಕೆ ಅಂಟಿಕೊಂಡ ಖಾಸಗಿ ಜಾಗವೇ ಒಳ್ಳೆಯದು, ಶೌಚಾಲಯವೂ ಸಿಗುತ್ತದೆ. ಹೊನ್ನಾವರದ ಕಡೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುವ ದಡಗಳಿವೆ. ಅಲ್ಲಿ ಟೆಂಟೂ ಬೇಡ, ಜೋರು ಲೈಟೂ ಬೇಡ.

ಬೆಳಗ್ಗೆ ಎದ್ದಾಗ ಒಳಗೆಲ್ಲ ಒದ್ದೆಯಿದ್ದರೆ ಟೆಂಟು ಸೋರಿತೆಂದು ಅಂಗಡಿಯವರ ಮೇಲೆ ಹೋಗುವವರು ಬಹಳ. ಸಾಮಾನ್ಯವಾಗಿ ಅದು ಉಸಿರಿನ ತೇವ. ಕರಾವಳಿಯ ಗಾಳಿ ಮೊದಲೇ ತೇವ, ನಾಲ್ವರು ರಾತ್ರಿಯಿಡೀ ಉಸಿರಾಡಿದ್ದು ತಣ್ಣಗಾದ ಫ್ಲೈಯ ಒಳಮೈಯಲ್ಲಿ ಹನಿಗಟ್ಟುತ್ತದೆ. ಎರಡು ಪದರವಿದ್ದರೆ ಹನಿ ನಡುವಿನ ಸಂದಿಯಲ್ಲಿ ಜಾರುತ್ತದೆ, ಒಂದೇ ಪದರವಾದರೆ ಮುಖದ ಮೇಲೆ ಬೀಳುತ್ತದೆ. ಫ್ಲೈ ಒಳಟೆಂಟಿಗೆ ತಾಗದಂತೆ ಬಿಗಿಯಿರಲಿ, ಎರಡೂ ಬದಿಯ ಗವಾಕ್ಷಿ ತೆರೆದಿರಲಿ. ಸೊಳ್ಳೆ ಪರದೆಯ ಜಿಪ್ ಮಾತ್ರ ಮುಚ್ಚಿ.

ಒಲೆ ಟೆಂಟಿನೊಳಗೆ ಬೇಡವೇ ಬೇಡ. ಬೆಂಕಿ ಒಂದು ಭಯ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇನ್ನೊಂದು. ಹೊರಗೂ ಗಾಳಿಗೆ ತಗಡಿನ ಮರೆ ಬೇಕು. ಮುದ್ದೆ ತಿರುವುವ ಉತ್ಸಾಹ ಇದ್ದವರು ಇರಬಹುದು, ಆದರೆ ಪುಟ್ಟ ಕ್ಯಾನ್ ಗ್ಯಾಸಿನ ಸ್ಟವ್ ಆ ಜೋರಿಗೆ ಅಲುಗಾಡುತ್ತದೆ. ಉಪ್ಪಿಟ್ಟಿಗೆ ರವೆ ಮನೆಯಲ್ಲೇ ಹುರಿದು ಒಯ್ಯಿರಿ.

ಹೋಗುವುದು ನವೆಂಬರಿನಿಂದ ಫೆಬ್ರವರಿಯೊಳಗೆ. ಹುಣಸೂರು, ಮಡಿಕೇರಿ, ಸಂಪಾಜೆ ಹಾದು ಮಂಗಳೂರಿಗೆ ಸುಮಾರು 250 ಕಿ.ಮೀ.; ನಸುಕಿಗೇ ಹೊರಟರೆ ಚೀಲ ಹೂಳಲು ಬೆಳಕು ಉಳಿಯುತ್ತದೆ. ವರ್ಷಕ್ಕೊಮ್ಮೆ ಹೋಗುವವರಿಗೆ ಬಾಡಿಗೆಯೇ ಲಾಭ. ಉಪ್ಪುಗಾಳಿ ಜಿಪ್ಪನ್ನೂ ಗೂಟವನ್ನೂ ತಿನ್ನುತ್ತದೆ, ಸ್ವಂತದ್ದಾದರೆ ಆ ಸವಕಳಿ ನಿಮ್ಮ ತಲೆಗೇ.

ಬಾಡಿಗೆಯದಾದರೂ ಠೇವಣಿ ಪೂರ್ತಿ ಬೇಕಿದ್ದರೆ ಒಣಗಿಸಿಯೇ ಹಿಂತಿರುಗಿಸಿ. ಜಿಪ್ಪಿನ ಹಲ್ಲಿಗೆ ಹಳೆಯ ಟೂತ್‌ಬ್ರಷ್ ಹಾಕಿ, ಪೋಲಿನ ತುದಿಗಳನ್ನು ಸಿಹಿನೀರಿನಲ್ಲಿ ಅದ್ದಿ ಒರೆಸಿ, ಫ್ಲೈಯನ್ನು ತಾರಸಿಯ ನೆರಳಲ್ಲಿ ಅರ್ಧ ದಿನ ಹರವಿ. ಒದ್ದೆಯಲ್ಲೇ ಮಡಚಿಟ್ಟರೆ ಬೂಸ್ಟು ಹಿಡಿದ ವಾಸನೆ ಮತ್ತೆ ಹೋಗುವುದಿಲ್ಲ. ಅಕ್ಕಿ ಚೀಲಗಳನ್ನು ಹೂತ ಕಡೆಯೇ ಬಿಟ್ಟು ಬರಬೇಡಿ, ಎಂಟೂ ಎಣಿಸಿ ತನ್ನಿ.