ಮುಳ್ಳಯ್ಯನಗಿರಿಯ ಒಂದು ಛಾಯಾಚಿತ್ರ, ಕ್ರಿತಾದೊಂದಿಗೆ ಮೂರು ವರ್ಷ

ಜಲವರ್ಣದಲ್ಲಿ ಮಾತ್ರ ಚಿತ್ರ ಬರೆಯುತ್ತಿದ್ದ ನಾನು ಮೂರು ವರ್ಷಗಳ ಹಿಂದೆ ಡಿಜಿಟಲ್ ಚಿತ್ರಕಲೆಗೆ ಕೈಹಾಕಿದ್ದು, 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲಿನಿಂದ ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರವನ್ನು ಮುಂದಿಟ್ಟುಕೊಂಡು. ಹುಲ್ಲು ಹೊದ್ದ ಇಳಿಜಾರು, ಅದರ ಮಡಿಕೆಗಳಲ್ಲಿ ಶೋಲಾ ಎಂಬ ಗುಡ್ಡಗಾಡಿನ ದಟ್ಟ ಕಾಡಿನ ಕಡುಹಸಿರು, ಅದರಾಚೆ ಒಂದರ ಹಿಂದೊಂದು ಬೆಟ್ಟಸಾಲು. ಅಂದಿನಿಂದ ಬಳಸುತ್ತಿರುವುದು, ಮುಕ್ತ ತಂತ್ರಾಂಶಗಳನ್ನು ಕಟ್ಟುವ ಕೆಡಿಇ ಸಮುದಾಯದಲ್ಲಿ ಬೆಳೆದ, ಚಿತ್ರ ಬರೆಯುವ ಮುಕ್ತ ತಂತ್ರಾಂಶವಾದ ಕ್ರಿತಾ. ಅದನ್ನು ಅದರ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು.

ಮೊದಲ ಕೆಲವು ತಿಂಗಳು ನಾನು ಛಾಯಾಚಿತ್ರವನ್ನೇ ಚಿತ್ರದೊಳಗೆ ಒಂದು ಪದರವಾಗಿ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂತೆ) ಇಟ್ಟು, ಕಂಟ್ರೋಲ್ ಕೀಲಿ ಒತ್ತಿ ಅದರಿಂದಲೇ ಬಣ್ಣ ಎತ್ತಿಕೊಳ್ಳುತ್ತಿದ್ದೆ. ಅದು ತಪ್ಪು. ಬಿಸಿಲಿನಲ್ಲಿ ಫೋನಿನ ಕ್ಯಾಮೆರಾ ಆಕಾಶವನ್ನು ಬರಿಯ ಬಿಳುಪಾಗಿಸಿ ಶೋಲಾದ ನೆರಳನ್ನು ಕಪ್ಪಾಗಿಸಿತ್ತು; ಕಣ್ಣು ಅಲ್ಲಿ ಕಂಡಿದ್ದ ನೀಲಿಯೂ ನೇರಳೆಯೂ ಆ ಕಪ್ಪಿನೊಳಗೆ ಹೂತುಹೋಗಿದ್ದವು. ಈಗ ಛಾಯಾಚಿತ್ರವನ್ನು ರೆಫರೆನ್ಸ್ ಇಮೇಜ್ ಸಾಧನದ ಮೂಲಕ ಕ್ಯಾನ್ವಾಸಿನ ಪಕ್ಕದಲ್ಲಿ ಇಟ್ಟು, ಆಕಾರಗಳಿಗೆ ಮಾತ್ರ ಅದನ್ನು ನೋಡುತ್ತೇನೆ, ಬಣ್ಣವನ್ನು ನಾನೇ ಕಲಸುತ್ತೇನೆ.

ಈ ತಂತ್ರಾಂಶದಿಂದ ನನಗಾದ ಅತಿ ದೊಡ್ಡ ಉಪಕಾರ ಬಹಳ ಸರಳವಾದದ್ದು. ಎಲ್ಲಕ್ಕೂ ಮೇಲೆ ಬೂದುಬಣ್ಣ ತುಂಬಿದ ಒಂದು ಪದರವನ್ನಿಟ್ಟು, ಅದು ಕೆಳಗಿನ ಪದರಗಳೊಂದಿಗೆ ಬೆರೆಯುವ ವಿಧಾನವನ್ನು 'ಕಲರ್' ಎಂದು ಬದಲಿಸಿದರೆ, ಚಿತ್ರವೆಲ್ಲ ಕಪ್ಪು-ಬಿಳುಪಾಗಿ ಬೆಳಕಿನ ಏರಿಳಿತವಷ್ಟೇ ಉಳಿಯುತ್ತದೆ. ಹಾಗೆ ನೋಡಿದಾಗಲೇ ನನ್ನ ಎರಡನೆಯ ಬೆಟ್ಟಸಾಲೂ ಮೂರನೆಯದೂ ಒಂದೇ ಗಾಢತೆಯಲ್ಲಿರುವುದು ಕಂಡಿತು. ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ದೂರದ ಬೆಟ್ಟ ಮಸುಕಾಗಿ ನೀಲಿಗೆ ತಿರುಗಬೇಕು. ನಾನು ನೀಲಿಯನ್ನು ಹಾಕಿದ್ದೆ, ಮಸುಕನ್ನು ಮರೆತಿದ್ದೆ. ಎಂ ಕೀಲಿ ಒತ್ತಿ ದೃಶ್ಯವನ್ನು ಎಡಬಲ ಮಗುಚಿ ನೋಡುವ ಅಭ್ಯಾಸವೂ ಇಂಥ ಎಷ್ಟೋ ದೋಷಗಳನ್ನು ತೋರಿಸಿಕೊಟ್ಟಿದೆ.

ಸಿದ್ಧ ಕುಂಚಗಳು ನೂರಕ್ಕೂ ಹೆಚ್ಚಿದ್ದರೂ ನನಗೆ ಬೇಕಾದವು ನಾಲ್ಕೇ: ಹುಲ್ಲಿಗೆ ಬಿರುಸಾದ ಎಳೆಗಳ ಕುಂಚ, ಕಾಡಿಗೆ ಚಪ್ಪಟೆಯದು, ಮಂಜಿಗೆ ಮೃದುವಾದದ್ದು, ಅಂಚು ಕರಗಿಸಲು ಸ್ಮಜ್. ಆದರೆ ಒದ್ದೆ ಕಾಗದದ ಮೇಲೆ ಬಣ್ಣ ತಾನಾಗಿ ಹರಿದು ನಿಲ್ಲುವ ಆ ಕ್ಷಣ ಇಲ್ಲಿ ನನಗೆ ಸಿಕ್ಕಿಲ್ಲ. ಅದಕ್ಕಾಗಿ ಇಂದಿಗೂ ಕಾಗದಕ್ಕೇ ಮರಳುತ್ತೇನೆ.

ನನ್ನದು 8 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ಭಾರಿ ಅಳತೆಯ ಕ್ಯಾನ್ವಾಸ್ ತೆರೆದರೆ ದೊಡ್ಡ ಕುಂಚ ಕೈಗಿಂತ ಹಿಂದೆ ಬೀಳುತ್ತದೆ. ಎ4 ಹಾಳೆಗೆ ಸಾಲುವ 3508×2480 ಪಿಕ್ಸೆಲ್‌ಗೆ ಇಳಿಸಿದ ಮೇಲೆ ತೊಂದರೆಯಿಲ್ಲ. ಪೆನ್ ಟ್ಯಾಬ್ಲೆಟ್ ಕೊಂಡವರು ಮೊದಲ ದಿನವೇ ಸೆಟ್ಟಿಂಗ್‌ನಲ್ಲಿ ಒತ್ತಡದ ವಕ್ರರೇಖೆಯನ್ನು (ಪೆನ್ನನ್ನು ಎಷ್ಟು ಒತ್ತಿದರೆ ಕುಂಚ ಎಷ್ಟು ಪ್ರತಿಕ್ರಿಯಿಸಬೇಕೆಂದು ಹೇಳುವ ರೇಖೆ) ತಮ್ಮ ಕೈಗೆ ಹೊಂದಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹಗುರ ಕೈಯವರಿಗೂ ಒತ್ತಿ ಬರೆಯುವವರಿಗೂ ಒಂದೇ ರೇಖೆ ಒಗ್ಗುವುದಿಲ್ಲ.

ಅದೇ ಛಾಯಾಚಿತ್ರದಿಂದ ಆರನೆಯ ಚಿತ್ರ ಈಗ ನಡೆಯುತ್ತಿದೆ. ಛಾಯಾಚಿತ್ರದಲ್ಲಿ ಇಲ್ಲದ ಒಂದು ಮೋಡದ ನೆರಳನ್ನು ಈ ಬಾರಿ ಇಳಿಜಾರಿನ ಮೇಲೆ ಹಾಸಿದ್ದೇನೆ.